ಮೊದಲ ಬಾಲ್ದಿ ಐಸು

ಬುಟ್ಟಿಯಲ್ಲಿದ್ದ ಬಂಗುಡೆಗಳ ಕಣ್ಣು ಆಗಲೇ ಮಂಕಾಗತೊಡಗಿತ್ತು. ಇನ್ನೊಂದು ಗಂಟೆ ಹೀಗೇ ಕಳೆದರೆ ಪುಕ್ಕಟೆ ಕೊಟ್ಟರೂ ಯಾರೂ ಮುಟ್ಟುವುದಿಲ್ಲವೆಂದು ಗುಲಾಬಿಗೆ ಗೊತ್ತಿತ್ತು.

“ಐಸು ಆಯ್ತಾ ಮಾರಾಯ?”

“ಎಂತ ಮಾಡುದು ಗುಲಾಬಕ್ಕ? ಸೋಲಾರ್ ಯಂತ್ರ ಅಲ್ವಾ. ಮಾಡಿನ ಮೇಲಿನ ಪ್ಯಾನೆಲ್ಲು ಕಾದ್ರೆ ಕರೆಂಟು ಕಮ್ಮಿ. ತಣ್ಣಗಿದ್ರೆ ಐಸು ಬೇಗ ಬೀಳ್ತದೆ,” ಎಂದ ಐಸ್ ಯಂತ್ರ ನೋಡಿಕೊಳ್ಳುವ ರಾಘು.

“ಬಿಸಿಲು ಬೇಕು, ಬಿಸಿ ಆಗ್ಬಾರ್ದು. ನಿನ್ನ ಯಂತ್ರ ಥೇಟ್ ನನ್ನ ಅತ್ತೆ.”

ರಾಘು ನಕ್ಕ. ಗುಲಾಬಿ ಮೀನಿಗೆ ಸೆರಗಿನ ನೆರಳು ಹಿಡಿದು ನಿಂತೇ ಇದ್ದಳು.

ಕೊನೆಗೂ ಯಂತ್ರ ಗಡಗಡ ಸದ್ದು ಮಾಡಿ ಒಂದು ಬಾಲ್ದಿ ಐಸು ಉದುರಿಸಿತು. ಗುಲಾಬಿ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು.

“ಸ್ವಲ್ಪ ತಡೀರಿ ಅಕ್ಕ,” ಎಂದ ರಾಘು, ಬಾಲ್ದಿ ಎತ್ತಿಕೊಂಡು ಪ್ಯಾನೆಲ್ಲುಗಳ ಮೇಲೆ ಸುರಿಯಲು ಏಣಿ ಹತ್ತಿದ.