ಗೋಡೆಯಾಚೆಯ ಪಾಠ

"ಇವತ್ತು ಪಾಠಾನ ಟಿವಿಯಲ್ಲೇ ನೋಡೋಣ ಕಣೇ. ಫೋನಿನಲ್ಲಿ ಆ ಟೀಚರಮ್ಮನ ತುಟಿ ಅಕ್ಕಿಕಾಳಿನಷ್ಟು ಕಾಣುತ್ತೆ," ಎಂದು ಡ್ರೈವರ್ ತನ್ನ ಫೋನನ್ನು ಹೆಂಡತಿಯ ಕೈಗಿಟ್ಟ. ಅವಳು ಟಿವಿಗೆ ಕಳಿಸುವ ಗುರುತನ್ನು ಒತ್ತಿದಳು. 'ಹಾಲ್ ಟಿವಿ' ಎಂಬ ಹೆಸರು ಎರಡು ಸಲ ಬಂತು. ಎರಡು ಯಾಕೆ ಎಂದು ಯೋಚಿಸದೆ ಮೇಲಿನದನ್ನು ಒತ್ತಿದಳು. ಎದುರಿದ್ದ ಟಿವಿ ಕಪ್ಪಗೇ ಇತ್ತು.

"ಬಿಟ್ಟಿ ನೆಟ್ಟಿನ ಹಣೆಬರಹವೇ ಇಷ್ಟು," ಎಂದು ಅವನು ನಕ್ಕ. ನೆಟ್ಟು ಪಕ್ಕದ ಮನೆಯದು. ಅಲ್ಲಿರುವವರು ಅವನು ಕೆಲಸ ಮಾಡುವ ಬಸ್ ಡಿಪೋದ ಮ್ಯಾನೇಜರ್. ಮಹಾ ಮರೆವಿನ ಮನುಷ್ಯ, ಪಾಸ್‌ವರ್ಡ್ ನೆನಪಿಡುವ ತಲೆನೋವೇ ಬೇಡವೆಂದು ವೈಫೈಯನ್ನು ಹಾಗೇ ತೆರೆದಿಟ್ಟಿದ್ದರು. ಒಂದು ಮಾತು ಕೇಳಿಬಿಡಿ ಎಂದು ಹೆಂಡತಿ ಎಷ್ಟು ಸಲ ಹೇಳಿದ್ದಳೋ. "ಗೋಡೆ ದಾಟಿ ಅದಾಗೇ ಬರುತ್ತೆ. ನಾನೇನು ಕೈ ಹಿಡಿದು ಎಳ್ಕೊಂಡು ಬಂದೆನಾ?" ಎನ್ನುತ್ತಿದ್ದ ಭೂಪ. ಫೋನು, ಟಿವಿ ಎರಡನ್ನೂ ಅದಕ್ಕೇ ಜೋಡಿಸಿದ್ದ.

ಅಷ್ಟರಲ್ಲಿ ಗೋಡೆಯಾಚೆಯಿಂದ ಒಂದು ಹೆಣ್ಣುದನಿ ಕೇಳಿತು. "ಕಿವಿ ಮಂದವಾದವರಿಗೆ ತುಟಿ ನೋಡಿ ಮಾತು ತಿಳಿಯುವ ಪಾಠ ಇದು. ಈಗ ನಾನು ದನಿ ತೆಗೆಯದೆ ಮಾತಾಡ್ತೀನಿ. ಏನು ಹೇಳಿದೆ ಅಂತ ನೀವು ಹೇಳಬೇಕು."

ಪಾಠ ಮ್ಯಾನೇಜರ್ ಮನೆಯ ಟಿವಿಯಲ್ಲಿ ಓಡುತ್ತಿತ್ತು. ಅವಳು ತಡಬಡಿಸಿ ನಿಲ್ಲಿಸಿದಳು. ಗಂಡ ಮಾತ್ರ ಆರಾಮಾಗಿ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದ, ಅವನಿಗೆ ಏನೂ ಕೇಳಿಸಿರಲಿಲ್ಲ.

ಅವನ ಕಿವಿ ಕೈಕೊಟ್ಟಿದ್ದು ಅವಳೊಬ್ಬಳಿಗೇ ಗೊತ್ತು. ಡಿಪೋಗೆ ಗೊತ್ತಾದರೆ ಕೆಲಸಕ್ಕೆ ಎಳ್ಳುನೀರು. ಯಾರಾದರೂ ಮುಖ ತಿರುಗಿಸಿ ಮಾತಾಡಿದರೆ ಅವಳು ಅವನ ಎದುರು ನಿಂತು ಅದೇ ಮಾತನ್ನು ತುಟಿಯಲ್ಲೇ ಆಡಿ ತೋರಿಸುತ್ತಿದ್ದಳು. ಹಾಗೆ ಹೇಗೋ ದಿನ ತಳ್ಳಿದ್ದರು. ಆದರೆ ಹೋದ ವಾರ ಮುದುಕಿಯೊಬ್ಬಳು ಇನ್ನೂ ಇಳಿಯುತ್ತಿರುವಾಗಲೇ ಬಸ್ ಹೊರಟು, ಆಕೆ ಬಿದ್ದು ಸೊಂಟ ಮುರಿದುಕೊಂಡಳು. ನಿಲ್ಲಿಸಲು ಗಂಟೆ ಹೊಡೆದೆ ಎಂದು ಕಂಡಕ್ಟರ್ ಹೇಳಿದ, ಹೊಡೆಯಲೇ ಇಲ್ಲ ಎಂದು ಇವನು ಹೇಳಿದ. ಇವನ ಮಾತೇ ನಡೆಯಿತು. ಕಂಡಕ್ಟರನನ್ನು ಕೆಲಸದಿಂದ ಹೊರಗಿಟ್ಟರು. "ನನಗೆ ಕೇಳಿಸಲಿಲ್ಲ ಅಂದ್ರೆ ಹೊಡೆದಿಲ್ಲ ಅಂತಲೇ ತಾನೇ?" ಎಂದು ಆ ದಿನ ಅವಳ ಮುಖ ನೋಡದೆ ಹೇಳಿದ್ದ. ಅವಳಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ಅವಳೇ ಹೋಗಿ ತೆರೆದಳು. ಮ್ಯಾನೇಜರ್.

"ಏನಪ್ಪಾ, ಚೆನ್ನಾಗಿದೀಯಾ?" ಎಂದು ಒಳಗೆ ಬಂದು ಡ್ರೈವರನ ಮುಖ ನೋಡಿ ಕೇಳಿದರು. "ಓಹೋ, ಚೆನ್ನಾಗಿದೀನಿ ಸಾರ್, ಕೂತ್ಕೊಳ್ಳಿ," ಎಂದು ಥಟ್ಟನೆ ಉತ್ತರ ಕೊಟ್ಟ ಅವನು ನೀರು ತರಲು ಒಳಗೆ ಹೋದ.

"ನಿಮ್ಮ ಯಜಮಾನ್ರು ಫೋನಿಗೆ 'ರೈಟ್ ರೈಟ್' ಅಂತ ಹೆಸರಿಟ್ಟಿದಾರಲ್ವಾ ತಾಯಿ? ಡಿಪೋಲಿ ಎಲ್ಲರೂ ಅದನ್ನ ಹೇಳ್ಕೊಂಡು ನಗ್ತಾರೆ. ಈಗ ನನ್ನ ಟಿವಿ ಮೂಲೇಲಿ ಅದೇ ಹೆಸರು ಬಂತು."

"ಕೇಳದೆ ನಿಮ್ಮ ನೆಟ್ ಬಳಸಿದ್ದು ತಪ್ಪೇ ಸಾರ್."

"ನೆಟ್ ಮನೆ ಹಾಳಾಗ್ಲಿ. ನಾನು ಬಂದಿದ್ದು ಅದಕ್ಕಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು.

ಡ್ರೈವರ್ ನೀರಿನ ಲೋಟ ಹಿಡಿದು ಬರುವುದು ಕಂಡು ಅವರು ಎದ್ದು ಕಿಟಕಿಯ ಬಳಿ ಹೋಗಿ, ಬೀದಿಯ ಕಡೆ ಮುಖ ಮಾಡಿ ನಿಂತರು. ಅವನು ಅವರ ಬೆನ್ನ ಹಿಂದೆಯೇ ಬಂದು ನಿಂತ.

"ಅವತ್ತು ಕಂಡಕ್ಟರ್ ಗಂಟೆ ಹೊಡೆದಿದ್ದು ನಿಜವೇನಪ್ಪಾ?" ಎಂದು ಅವರು ತಿರುಗದೆಯೇ ಕೇಳಿದರು.

ಅವನು ಲೋಟ ಚಾಚಿಕೊಂಡು, ಅವರು ತಿರುಗಲಿ ಎಂದು ವಿನಯದಿಂದ ನಗುತ್ತ ಕಾದ. ಅವರು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು. ಆಗಲೂ ಅವನ ಮುಖದ ಮೇಲೆ ಅದೇ ನಗು. ಮ್ಯಾನೇಜರ್ ಕಿಟಕಿಯ ಸರಳು ಹಿಡಿದು ತಲೆ ತಗ್ಗಿಸಿದರು.

ಆ ತಲೆ ಅಲುಗಿದ್ದು ಕಂಡ ಡ್ರೈವರ್, ಅವರು ಏನೋ ಅಂದಿರಬೇಕೆಂದು ಎಂದಿನಂತೆ ಹೆಂಡತಿಯ ಕಡೆ ತಿರುಗಿ ಅವಳ ತುಟಿಗಳನ್ನು ನೋಡಿದ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.