ಎಮ್ಮೆ ಹೊದ್ದ ರಜಾಯಿ

ಪೆಟ್ಟಿಗೆಯಲ್ಲಿದ್ದ ರಜಾಯಿಗಳನ್ನು ಹಿಯಾ ಮೂರನೇ ಸಲ ಎಣಿಸಿದಳು. ಹತ್ತೇ ಇದ್ದವು. ಹನ್ನೊಂದಿರಬೇಕಿತ್ತು. ಕಾಣೆಯಾದದ್ದು ಯಾವುದೆಂದು ಒಂದೊಂದನ್ನೇ ತೆಗೆದು ನೋಡಿದಳು. ಕೆಂಪು ಅಂಚಿನದು, ಮದುವೆ ಗಂಡಿನ ಅಜ್ಜಿಗೆಂದು ಹೊಲಿದದ್ದು. ಮಗಳು ಸುವಾನ್‌ಳ ಮದುವೆಗೆ ಇನ್ನು ಐದೇ ದಿನ. ಈ ಹಾಳು ಚಳಿಯಲ್ಲೂ ಆ ಪೆಟ್ಟಿಗೆಯನ್ನು ಮನೆಯವರು ಯಾರೂ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ.

ಅಷ್ಟರಲ್ಲಿ ಬಿದಿರು ನೆಲದ ಸಂದಿಯಿಂದ ಹೊಗೆಯ ಜೊತೆಗೆ ಸುಟ್ಟ ಹತ್ತಿಯ ವಾಸನೆ ಮೇಲೆದ್ದು ಬಂತು. ಕಂಬಗಳ ಮೇಲೆ ನಿಂತ ಮನೆ, ಕೆಳಗೆ ಎಮ್ಮೆ ಕಟ್ಟುವ ಜಾಗ. ಹಿಯಾ ದಡದಡನೆ ಮೆಟ್ಟಿಲಿಳಿದಳು.

ಎಮ್ಮೆ ದೊಡ್ಡ ಮನೆಯ ಯಜಮಾನಿಯ ಗತ್ತಿನಲ್ಲಿ ನಿಂತಿತ್ತು. ಬೆನ್ನ ಮೇಲೆ ಕೆಂಪು ಅಂಚಿನ ರಜಾಯಿ, ಅದು ಜಾರದಂತೆ ಹೊಟ್ಟೆಯ ಸುತ್ತ ಬಿಗಿದ ಹಗ್ಗ. ಒಂದು ಮೂಲೆ ಸಗಣಿಯಲ್ಲಿ ನೆನೆದು ಜೋತಾಡುತ್ತಿತ್ತು. ಇನ್ನೊಂದು ಮೂಲೆಗೆ ಹೊಟ್ಟಿನ ಬೆಂಕಿಯ ಕಿಡಿ ಹಾರಿ ಅಂಗೈಯಗಲದ ತೂತು ಬಿದ್ದಿತ್ತು. ಗಂಡ ದೋನ್, ವಾರದಿಂದ ಮಲಗುವಾಗಲೂ ಕಳಚದ ತನ್ನ ದಪ್ಪ ಜಾಕೆಟ್ಟಿನಲ್ಲಿ ಕುಕ್ಕರಗಾಲು ಹಾಕಿ ಕೂತು ಆ ಬೆಂಕಿಯನ್ನು ಕೆದಕುತ್ತಿದ್ದ.

"ಸುವಾನ್ ಅಪ್ಪಾ, ಏನಿದು?"

"ಕಣ್ಣು ಕಾಣಲ್ವಾ? ಎಮ್ಮೆ."

"ಎಮ್ಮೆ ಮೇಲಿರೋದು ಏನು ಅಂತ ಕೇಳ್ತಿದೀನಿ!"

"ಮತ್ತೆ? ಬೆಳಗ್ಗೆ ಸಂಜೆ ಊರ ಕಂಬದ ಮೇಲಿನ ಆ ಲೌಡ್‌ಸ್ಪೀಕರ್ ಬಡ್ಕೊಳ್ತಿಲ್ವಾ, ಎಮ್ಮೆಗಳಿಗೆ ಬೆಚ್ಚಗೆ ಹೊದಿಸಿ ಅಂತ? ಮೇಲಿನ ಕೇರಿ ಕ್ವಾಂಗ್‌ನ ಎರಡೂ ಎಮ್ಮೆ ಮೊನ್ನೆ ಸತ್ತು ಬಿದ್ವು. ನಮ್ಮದು ಗಬ್ಬ ಬೇರೆ." ದೋನ್ ಬೆಂಕಿಗೆ ಇನ್ನೊಂದು ಹಿಡಿ ಹೊಟ್ಟು ಸುರಿದ. "ಹೋಗ್ಲಿ ಬಿಡು. ಇನ್ನೂ ಐದು ದಿನ ಇದೆಯಲ್ಲ. ತಾಯಿ ಮಗಳು ಕೂತು ಹೊಲಿದ್ರೆ ಇನ್ನೊಂದು ಆಗಲ್ವಾ?"

ಹಿಯಾಳ ಮೈಯೆಲ್ಲ ಉರಿದುಹೋಯಿತು. ಎಮ್ಮೆ ಸಾಯಲಿ ಎಂದು ಅವಳೇನೂ ಹೇಳುತ್ತಿರಲಿಲ್ಲ. ಗದ್ದೆ ನಿಂತಿರುವುದೇ ಅದರ ಹೆಗಲ ಮೇಲೆ ಎಂಬುದು ಅವಳಿಗೂ ಗೊತ್ತು. ಆದರೆ ಐದು ದಿನವಂತೆ! ಹತ್ತಿ ಬಿತ್ತಿ, ಬಿಡಿಸಿ, ನೂತು, ನೇಯ್ದು, ನೀಲಿಯಲ್ಲಿ ಅದ್ದಿ ಅದ್ದಿ ತಾಯಿ ಮಗಳ ಉಗುರು ಕಪ್ಪಾಗಿ, ಈ ಹನ್ನೊಂದಕ್ಕೆ ಮೂರು ವರ್ಷ ಹಿಡಿದಿತ್ತು. ಮದುವೆಯ ದಿನ ಗಂಡಿನ ಮನೆಯಲ್ಲಿ ಹಿರಿಯರ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. ಸೊಸೆ ಎದ್ದು ತಾನು ಹೊಲಿದ ರಜಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಡಬೇಕು. ಮೊದಲ ಹೆಸರೇ ಅಜ್ಜಿಯದು. ಆಗ ಬರಿಗೈಯಲ್ಲಿ ನಿಂತ ಸೊಸೆಯ ಸುದ್ದಿ ಅವಳಿಗೆ ಮೊಮ್ಮಕ್ಕಳಾದರೂ ಆ ಊರಲ್ಲಿ ತಣ್ಣಗಾಗುವುದಿಲ್ಲ. ಈ ಮನುಷ್ಯನಿಗೆ ಇದೇನು ಗೊತ್ತಿಲ್ಲದ ವಿಷಯವೇ?

ಜಗಳ ಕೇಳಿ ಸುವಾನ್ ಕೆಳಗಿಳಿದು ಬಂದಳು. ರಜಾಯಿಯ ತೂತನ್ನು ನೋಡಿದಳು, ಅಪ್ಪನ ಮುಖ ನೋಡಿದಳು.

"ಅಮ್ಮ, ನನಗೆ ಅಂತ ಒಂದು ಇಟ್ಟಿದೀಯಲ್ಲ, ಅದನ್ನೇ ಅಜ್ಜಿಗೆ ಕೊಟ್ಬಿಡ್ತೀನಿ. ಕೆಂಪು ಅಂಚು ಹಚ್ಚಿದ್ರಾಯ್ತು. ನನಗೇನು, ಹೇಗೋ ಆಗತ್ತೆ."

ದೋನ್‌ನ ಮುಖ ಅರಳಿತು. "ನೋಡ್ದ್ಯಾ? ಹುಡುಗಿಗಿರೋ ಬುದ್ಧಿ ನಿನಗಿಲ್ಲ."

"ಬಾಯಿ ಮುಚ್ಚೇ!" ಹಿಯಾ ಮಗಳ ಮೇಲೆ ಹರಿಹಾಯ್ದಳು. "ಹೇಗೋ ಆಗತ್ತಂತೆ! ನಿನ್ನದು ನಿನ್ನ ಜೊತೆಗೇ ಹೋಗತ್ತೆ. ನಿಮ್ಮಪ್ಪ ಇವತ್ತೇ ಬೀಗರ ಮನೆಗೆ ಹೋಗ್ತಾರೆ. ಆ ಅಜ್ಜಿ ಮುಂದೆ ಕೂತು, ನಿಮ್ಮ ರಜಾಯಿ ತಡವಾಗತ್ತೆ, ತಪ್ಪು ಹುಡುಗೀದಲ್ಲ, ನನ್ನದು ಅಂತ ತಮ್ಮ ಬಾಯಲ್ಲೇ ಹೇಳಿ ಬರ್ತಾರೆ."

"ನಾನಾ? ಎಮ್ಮೆಗೆ ಹೊದಿಸ್ದೆ ಅಂತ ಹೇಳ್ಬೇಕಾ? ಬೀಗರ ಮುಂದೆ ನನ್ನ ಮರ್ಯಾದೆ ಏನಾಗ್ಬೇಡ?"

"ಮಗಳದು ಹೋದ್ರೆ ಪರವಾಗಿಲ್ಲ, ನಿಮ್ಮದು ಮಾತ್ರ ಉಳೀಬೇಕು!"

ದೋನ್ ಕೈಯಲ್ಲಿದ್ದ ಕಡ್ಡಿಯನ್ನು ಬಿಸಾಡಿ ಎದ್ದು ನಿಂತ. "ನಾನೇನು ಕೊಬ್ಬಿಗೆ ಮಾಡಿದ್ನಾ? ರಾತ್ರಿಯೆಲ್ಲ ಪಾಪದ್ದು ಗಡಗಡ ನಡುಗ್ತಿತ್ತು. ಕೊಂಬು ಕಂಬಕ್ಕೆ ಟಕಟಕ ಬಡೀತಿತ್ತು. ಮೇಲೆ ಮಲಗಿದ್ದೋನಿಗೆ ಕರುಳು ಕಿತ್ತು ಬಂದಂಗಾಯ್ತು. ಕೈಗೆ ಸಿಕ್ಕಿದ್ದನ್ನ ತಂದು ಹೊದಿಸ್ದೆ."

"ಕೈಗೆ ಸಿಗೋ ಹಾಗೆ ನಾವು ಹೊದ್ದಿದ್ದು ಇರಲಿಲ್ವಾ? ಪೆಟ್ಟಿಗೆ ಯಾಕೆ ತೆಗೆದ್ರಿ?"

"ಅದಾ?" ದೋನ್‌ಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅದು ನಮ್ಮ ಮದುವೆ ಕಾಲದ್ದು ಮಾರಾಯ್ತಿ. ಹತ್ತಿಯೆಲ್ಲ ಗಂಟುಗಟ್ಟಿ ನಡುವೆ ಬರೀ ಬಟ್ಟೆ ಉಳ್ಕೊಂಡಿದೆ. ಅದನ್ನ ಹೊದಿಸಿದ್ರೆ ಈ ಚಳೀಲಿ ಎಮ್ಮೆ ಬದುಕತ್ತಾ?"

ಹಿಯಾ ಅವನತ್ತ ತಿರುಗಿದಳು.

"ಇಪ್ಪತ್ನಾಲ್ಕು ವರ್ಷದಿಂದ ನಾನು ಅದನ್ನೇ ಹೊದ್ದು ಮಲಗ್ತಿದೀನಿ," ಎಂದಳು. "ನೆಲದ ಕೆಳಗೆ ಎಮ್ಮೆ ನಡುಗಿದ್ದು ಕೇಳಿಸ್ತು ನಿಮಗೆ. ಪಕ್ಕದಲ್ಲಿ ನಾನು ನಡುಗ್ತಿದ್ದದ್ದು ಕೇಳಿಸಲಿಲ್ವಾ?"