ಹಲ್ಲಿಗೆ ಕೇಳಿದ ಸದ್ದು

ಡಾಕ್ಟರ್ ಶುಭದಾ, ಕಪನೂರು ಎಂಬ ಊರಿನ ಹಳೆಯ ಗ್ಯಾರೇಜಿನ ಮುಂದೆ ತನ್ನ ಆಳೆತ್ತರದ ಎಸ್‌ಯುವಿ ನಿಲ್ಲಿಸಿ ಮೂರು ಸಲ ಹಾರನ್ ಹೊಡೆದಳು. ಹತ್ತು ಹೆಜ್ಜೆ ದೂರದಲ್ಲಿ ಬೆನ್ನು ಹಾಕಿ ಕೂತಿದ್ದ ಮೆಕ್ಯಾನಿಕ್ ಇಮಾಮುದ್ದೀನ್ ಚಾಚಾ ಕತ್ತು ಕೂಡ ಎತ್ತಲಿಲ್ಲ. ಕೊನೆಗೆ ಇಳಿದು ಹೋಗಿ ಭುಜ ಮುಟ್ಟಿದಳು. ಬೆಚ್ಚಿ ತಿರುಗಿದ ಚಾಚಾ ಅವಳ ಮುಖವನ್ನೇ ದಿಟ್ಟಿಸಿ, ಗುರುತು ಹತ್ತಿ, ಬಾಯ್ತುಂಬ ನಕ್ಕರು.

"ಅರೆ, ಶುಭಾ ಬೇಟಾ! ನಿನ್ನ ನೋಡಿ ಎಷ್ಟು ವರ್ಷ ಆಯ್ತು! ಡಾಕ್ಟರ್ ಸಾಬ್ ಹೆಂಗ ಅದಾರ?"

"ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತ್ರೀ ಚಾಚಾ. ಪುಣೇದಾಗ..."

"ಛಲೋ, ಛಲೋ. ಇಮಾಮುದ್ದೀನ್ ಸಲಾಂ ಹೇಳ್ಯಾನ ಅಂತ ಹೇಳು."

ಚಾಚಾಗೆ ಕಿವಿ ಕೇಳುತ್ತಿಲ್ಲ ಎಂದು ಶುಭದಾಳಿಗೆ ಆಗ ಹೊಳೆಯಿತು. ಅವಳು ಈ ಕಿವಿಗಳನ್ನು ನಂಬಿಕೊಂಡೇ ಇಲ್ಲಿಗೆ ಬಂದಿದ್ದಳು. ಮೂವತ್ತು ವರ್ಷಗಳ ಹಿಂದೆ ಅವಳ ಅಪ್ಪ ವೇದವ್ಯಾಸರಾಯರು ದಿನಾ ಜೀಪಿನಲ್ಲಿ ಕಮಲಾಪುರದ ದವಾಖಾನೆಗೆ ಹೋಗಿ ಬರುತ್ತಿದ್ದರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಇಲ್ಲಿ ಹಳೆಯ ಟೈರಿನ ಮೇಲೆ ಕೂತು ಅಪ್ಪನ ದಾರಿ ಕಾಯುತ್ತಿದ್ದಳು. ರಸ್ತೆಯಲ್ಲಿ ಇನ್ನೂ ಧೂಳೂ ಎದ್ದಿರುತ್ತಿರಲಿಲ್ಲ, ಚಾಚಾ ಕೈಯಲ್ಲಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ಪಾಟಿಚೀಲ ಹಾಕ್ಕೋ ಬೇಟಾ, ಡಾಕ್ಟರ್ ಸಾಬ್ ಬಂದ್ರು" ಅನ್ನುತ್ತಿದ್ದರು. ಅವಳು ಚೀಲ ಹೆಗಲಿಗೇರಿಸುವ ಹೊತ್ತಿಗೆ ಜೀಪು ತಿರುವಿನಲ್ಲಿ ಕಾಣಿಸುತ್ತಿತ್ತು. ಒಂದು ಸಲವೂ ತಪ್ಪಿದ್ದಿಲ್ಲ. ಎಂಥ ಕಿವಿಗಳಾಗಿದ್ದವು ಅವು!

ಈಗ ಅದೇ ದವಾಖಾನೆಗೆ ಅವಳಿಗೆ ವರ್ಗವಾಗಿದೆ. ದಿನಾ ಇಬ್ಬರು ನರ್ಸುಗಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ತಿಂಗಳ ಹಿಂದೆ ಎಂಜಿನ್ನಿನ ಒಳಗೆಲ್ಲೋ ಟಕ್ ಟಕ್ ಶುರುವಾಯಿತು. ಅದರ ಹಿಂದೆಯೇ ಕಂಪನಿಯ ಪತ್ರ ಬಂತು: ಈ ಮಾದರಿಯ ಕೆಲವು ಗಾಡಿಗಳಲ್ಲಿ ಬೇರಿಂಗ್ ಕೆಡುತ್ತಿದೆ, ಓಡುತ್ತಿರುವಾಗಲೇ ಎಂಜಿನ್ ಜಾಮ್ ಆಗಬಹುದು, ತಂದು ತೋರಿಸಿ. ಹೋಗಿ ತೋರಿಸಿದಳು. ಎ.ಸಿ. ಕೋಣೆಯಲ್ಲಿ ಕೂರಿಸಿ ಕಾಫಿ ಕುಡಿಸಿದರು. ಕಂಪ್ಯೂಟರ್ ಪಾಸ್ ಮಾಡಿತು. ನೀರಿನಂಥ ತೆಳು ಎಣ್ಣೆ ಇಳಿಸಿ ಮಂದ ಎಣ್ಣೆ ತುಂಬಿ ಕಳಿಸಿದರು. ಸದ್ದು ನಿಂತಿತು. ಎಂಟು ದಿನದಿಂದ ಅವಳ ನಿದ್ದೆ ಕೆಡಿಸಿದ್ದು ಆ ನಿಂತ ಸದ್ದೇ. ನೋವು ಒಮ್ಮೆಲೇ ಮಾಯವಾಯಿತು ಎನ್ನುವ ರೋಗಿಯನ್ನು ಯಾವ ಡಾಕ್ಟರೂ ಸುಲಭಕ್ಕೆ ನಂಬುವುದಿಲ್ಲ.

ಇಷ್ಟನ್ನೂ ಕಿವಿ ಕೇಳದವರಿಗೆ ಹೇಳುವುದು ಹೇಗೆ? ಬಂದ ತಪ್ಪಿಗೆ ಬಾನೆಟ್ ಎತ್ತಿ ಎಂಜಿನ್ ಚಾಲೂ ಮಾಡಿದಳು.

ಚಾಚಾ ಉದ್ದನೆಯ ಸ್ಕ್ರೂಡ್ರೈವರನ್ನು ಅಂಗಿಯ ತುದಿಗೆ ಒರೆಸಿದರು. ಅದರ ಮೊನೆಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿದರು. ಒಂದು ಕಡೆ ಒತ್ತಿದರು, ಇನ್ನೊಂದು ಕಡೆ ಒತ್ತಿದರು. ಮೂರನೆಯ ಕಡೆಗೆ ಬಂದಾಗ ಹುಬ್ಬು ಗಂಟಾಯಿತು.

"ಬಂದ್ ಮಾಡು ಬೇಟಾ. ಮೂರನೇ ಬೇರಿಂಗ್ ಹೋಗ್ಯದ." ಎಣ್ಣೆ ಅಳೆಯುವ ಕಡ್ಡಿ ಎಳೆದು ಬೆರಳಿನಲ್ಲಿ ಉಜ್ಜಿ ನೋಡಿದರು. "ಮಂದ ಎಣ್ಣಿ ಹಾಕ್ಯಾರ. ಇದು ಕೆಮ್ಮು ಬಂದವರಿಗೆ ಶಿರಪ್ ಕುಡಿಸಿದಂಗ. ಕೆಮ್ಮು ಕೇಳಲ್ಲ, ರೋಗ ಒಳಗಽ ಕುಂತದ."

ಕಂಪ್ಯೂಟರ್ ಪಾಸ್ ಮಾಡಿದ್ದನ್ನು ಹಲ್ಲು ಫೇಲ್ ಮಾಡಿತ್ತು! ಯಾರನ್ನು ನಂಬುವುದು? ಅವಳ ಅನುಮಾನ ಚಾಚಾಗೆ ಮುಖದಲ್ಲೇ ಕಂಡಿತು. ಗಾಡಿಯ ಕೆಳಗೆ ನುಸುಳಿ, ಒಂದಿಷ್ಟು ಎಣ್ಣೆಯನ್ನು ಬೋಗುಣಿಗೆ ಇಳಿಸಿಕೊಂಡು ಬಂದರು. ಅದರಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದರು. ಎಂಟೇ ದಿನದ ಎಣ್ಣೆಯಲ್ಲಿ ಹೊನ್ನಿನ ಬಣ್ಣದ ಸಣ್ಣ ಸಣ್ಣ ಚೂರುಗಳು ಮಿನುಗಿದವು.

"ಬೇರಿಂಗ್ ಸವದು ಎಣ್ಣ್ಯಾಗ ಬಂದದ, ನೋಡು. ನಾಳಿ ಬಸ್ಸಿನಾಗ ಹೋಗು. ಇದನ್ನ ಎಳಸ್ಕೊಂಡು ಹೋಗಿ ಕಂಪನಿಯವರ ಮುಂದ ನಿಲ್ಲಿಸು. ಹೊಸ ಎಂಜಿನ್ ಅವರೇ ಹಾಕ್ಲಿ."

ಶುಭದಾಳಿಗೆ ಹಿಂದಿನ ಸೀಟಿನಲ್ಲಿ ಹರಟುತ್ತ ಕೂರುವ ಇಬ್ಬರು ನರ್ಸುಗಳು ನೆನಪಾದರು. ಕೈ ಮುಗಿದಳು. ಆಮೇಲೆ ತಡೆಯಲಾರದೆ ತನ್ನ ಕಿವಿ ಮುಟ್ಟಿಕೊಂಡು, ಏನಾಯಿತು ಎಂದು ಸನ್ನೆಯಲ್ಲೇ ಕೇಳಿದಳು.

ಚಾಚಾ ಅತ್ತಿತ್ತ ನೋಡಿದರು. ಗುಟ್ಟಾಗಿ ಹೇಳುತ್ತಿದ್ದೇನೆ ಅಂದುಕೊಂಡು ಇಡೀ ರಸ್ತೆಗೆ ಕೇಳುವಂತೆ ಹೇಳಿದರು: "ಮೂರು ವರ್ಷ ಆಯ್ತು, ಎರಡೂ ಹೋದ್ವು. ಗಿರಾಕಿ ಮಂದಿಗೆ ಹೇಳಬ್ಯಾಡ. ಮನಿ ಮಂದಿ ಮಾತು ಕೇಳಲ್ಲ, ಆಜಾನ್ ಕೇಳಲ್ಲ. ಹಲ್ಲಿಗೆ ಮಾತ್ರ ಕೇಳ್ತದ. ಬಾ, ತೋರಿಸ್ತೀನಿ."

ಹಿಂದಿನ ತಗಡಿನ ಚಪ್ಪರದಡಿ ಅಪ್ಪನ ಜೀಪು ನಿಂತಿತ್ತು. ನಿವೃತ್ತರಾಗಿ ಪುಣೆಗೆ ಹೋಗುವಾಗ ಅಪ್ಪ ಅದನ್ನು ಚಾಚಾಗೇ ಬಿಟ್ಟುಹೋಗಿದ್ದರು. ಈಗ ಗಾಲಿಗಳಿಲ್ಲ, ಇಟ್ಟಿಗೆಗಳ ಮೇಲೆ ಕೂತಿದೆ. "ದಿನಾ ಐದು ಮಿನಿಟ್ ಚಾಲೂ ಮಾಡ್ತೀನಿ ಬೇಟಾ," ಎಂದರು ಚಾಚಾ. "ಸುಮ್ಮನ, ಏನಾರ ಒಂದು ಕೇಳ್ಲಿ ಅಂತ."

ಎಂಜಿನ್ ಗುಡುಗಿತು. ಚಾಚಾ ಸ್ಕ್ರೂಡ್ರೈವರನ್ನು ಮತ್ತೆ ಒರೆಸಿ, ಹಿಡಿಕೆಯನ್ನು ಅವಳ ಕಡೆ ಚಾಚಿ, ಕಿವಿ ಮುಚ್ಚಿಕೋ ಎಂದು ಸನ್ನೆ ಮಾಡಿದರು. ಮೊನೆಯನ್ನು ತಾವೇ ಎಂಜಿನ್ನಿಗೆ ಒತ್ತಿ ಹಿಡಿದರು. ಶುಭದಾ ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಗ್ಗಿ ಹಿಡಿಕೆ ಕಚ್ಚಿದಳು. ಆ ಗಡಗಡ ಸದ್ದು ಅವಳ ತಲೆಯ ಒಳಗೇ ಎದ್ದಿತು. ಅದೇ ಜೀಪು, ಅದೇ ಶನಿವಾರ. ಕಣ್ಣು ತುಂಬಿ ಬಂತು.

ಚಾಚಾ ಅವಳನ್ನೇ ನೋಡುತ್ತ ಏನೋ ಹೇಳಿ ನಕ್ಕರು. ಮುಚ್ಚಿದ ಕಿವಿಗೆ ಮಾತು ಕೇಳಲಿಲ್ಲ, ತುಟಿ ನೋಡಿಯೇ ತಿಳಿಯಿತು.

"ಪಾಟಿಚೀಲ ಹಾಕ್ಕೋ ಬೇಟಾ. ಡಾಕ್ಟರ್ ಸಾಬ್ ಬಂದ್ರು."

ಅಪ್ಪ ಇಲ್ಲ ಎಂದು ಹೇಳಲು ಬಾಯಿ ತೆರೆಯಬೇಕಿತ್ತು. ಶುಭದಾ ಹಿಡಿಕೆಯ ಮೇಲೆ ಹಲ್ಲು ಇನ್ನಷ್ಟು ಬಿಗಿದಳು.